ದುಂಡನೆಯ ಸೊನ್ನೆ

"ಏನ್ರೀ ಅದು ಸದ್ದು?"

ಅಡುಗೆಮನೆಯಿಂದ ಅವಳು ಎರಡು ಸಲ ಕೂಗಿದಳು. ಮಣಿಸರ ಹರಿದು ನೆಲದ ಮೇಲೆ ಚೆಲ್ಲಿದಂಥ ಸದ್ದು ಹಜಾರದಲ್ಲಿ ಇನ್ನೂ ಮುಗಿದಿರಲಿಲ್ಲ. ಕೈ ಒರೆಸಿಕೊಳ್ಳುತ್ತ ಈಚೆ ಬಂದು ನೋಡಿದರೆ, ಗಂಡ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ತೊಡೆಯ ಮೇಲೆ ನಿನ್ನೆ ತಂದ ಚೌಕನೆಯ ಉಕ್ಕಿನ ಹಳಿ. ಅದರ ಮೇಲೆ ಜಾರಬೇಕಾಗಿದ್ದ ಬೆಂಕಿಪೊಟ್ಟಣದಷ್ಟು ಗಾತ್ರದ ಬ್ಲಾಕು ಅವನ ಕೈಯಲ್ಲಿ. ಸುತ್ತ ಹಜಾರದ ತುಂಬ ಸಣ್ಣ ಸಣ್ಣ ಉಕ್ಕಿನ ಗುಂಡುಗಳು, ಮಂಚದಡಿಗೆ, ಬೀರುವಿನಡಿಗೆ, ಬಾಗಿಲ ಸಂದಿಗೆ, ದಾರಿ ಸಿಕ್ಕತ್ತ ಉರುಳುತ್ತಿದ್ದವು. ಅವನ ಮುಖವಂತೂ ಇಂಗು ತಿಂದ ಮಂಗನಂತಾಗಿತ್ತು.

"ಒರೆಸೋಣ ಅಂತ ಎಳೆದೆ ಕಣೇ. ಎಳೆದಿದ್ದೇ ತಡ, ಹೊಟ್ಟೇಲಿದ್ದದ್ದನ್ನೆಲ್ಲ ಕಕ್ಕಿಬಿಡ್ತು."

"ಬ್ಲಾಕು ಈಚೆ ಬರಬಾರದು ಅಂತ ಅಂಗಡಿಯವರು ಎರಡೂ ಕೊನೆಗೆ ತಂತಿ ಬಿಗಿದು ಕೊಟ್ಟಿದ್ರಲ್ಲ?"

"ಅದು ಪ್ಯಾಕಿಂಗು ಅಂದ್ಕೊಂಡೆ."

ಅವಳಿಗೆ ನಗು ಬಂತು. ತಪ್ಪು ಅವನದೊಬ್ಬನದೇ ಅಲ್ಲ, ಅವನ ಕಸುಬಿನದೂ ಹೌದು. ಜೀವಮಾನವೆಲ್ಲ ಬೀರು ಕಪಾಟು ಮಾಡಿದ ಬಡಗಿ ಅವನು. ಡ್ರಾಯರು ಜಾರುವ ಚಾನಲ್ಲು ಬಿಗಿಯಾದರೆ ಎಳೆದು ಈಚೆ ತೆಗೆಯಬೇಕು, ಒರೆಸಬೇಕು, ಮತ್ತೆ ತಳ್ಳಬೇಕು. ಅವನ ಕೈಗೆ ಗೊತ್ತಿದ್ದದ್ದು ಅಷ್ಟೆ, ಕೈ ಅದನ್ನೇ ಮಾಡಿತ್ತು.

ಆದರೆ ಇವತ್ತು ಸಂಜೆಯೊಳಗೆ ಈ ಹಳಿಯ ಮೇಲೆ ಅಕ್ಷರ ಕೊರೆಯುವ ಮಷೀನು ಓಡಬೇಕಿತ್ತು. ಮರದ ಹಲಗೆಯ ಮೇಲೆ ಅಕ್ಷರ ಕೊರೆಯುವುದು ಅವಳ ಕಸುಬು. ಆ ಬೀದಿಯಲ್ಲಿ ಅವಳ ಉಳಿ ಮುಟ್ಟದ ನಾಮಫಲಕ ಸಿಗುವುದೇ ಕಷ್ಟ. ಈಗ ಬಲಗೈ ಹೆಬ್ಬೆರಳಿನ ಕೀಲು ಸವೆದುಹೋಗಿದೆ. ಉಳಿ ಹಿಡಿದರೆ ಮೊಣಕೈವರೆಗೆ ಝಂ ಎನ್ನುತ್ತದೆ. ಇನ್ನು ಉಳಿ ಮುಟ್ಟಬಾರದು ಅಂತ ಡಾಕ್ಟರು ಹೇಳಿದ ದಿನ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಷ್ಟರಲ್ಲಿ ಗ್ರಂಥಾಲಯದ ಮೇಡಂ ಹೊಸ ಬೋರ್ಡು ಬೇಕೆಂದು ಬಂದರು. "ನೀವೇ ಮಾಡೋದಾದರೆ ಮರದ್ದು, ಇಲ್ಲ ಅಂದ್ರೆ ಪ್ಲಾಸ್ಟಿಕ್ ಶೀಟಲ್ಲಿ ಪ್ರಿಂಟ್ ಹೊಡೆಸಿಬಿಡ್ತೀವಿ" ಎಂದರು. ಭಾನುವಾರ, ಅಂದರೆ ಇವತ್ತು, ಸಂಜೆ ಹೇಳುತ್ತೇನೆಂದು ಇವಳು ಮಾತು ಕೊಟ್ಟಿದ್ದಳು.

ಕಂಪ್ಯೂಟರು ಹೇಳಿದಂತೆ ಕೊರೆಯುವ ಸಿಎನ್‌ಸಿ ಮಷೀನನ್ನು ಮನೆಯಲ್ಲೇ ಕಟ್ಟಿಬಿಡೋಣ ಎಂದವನು ಅವಳ ತಮ್ಮ. ಜೆರಾಕ್ಸ್ ಮಷೀನು ರಿಪೇರಿ ಮಾಡುವವನು, ಬಾಯಿ ಜೋರು. ಅವಳು ಕಾಗದದ ಮೇಲೆ ಬರೆದ ಅಕ್ಷರವನ್ನೇ ಫೋಟೋ ಹಿಡಿದು, ಅದೇ ಗೆರೆಯಲ್ಲಿ ಕೊರೆಸುತ್ತೇನೆಂದ. ಅವಳು ಒಂದೇ ಒಂದು ಷರತ್ತು ಹಾಕಿದಳು. "ಮೊದಲು ಒಂದು ಸೊನ್ನೆ ಕೊರೆದು ತೋರಿಸಿ. ನನ್ನ ಸೊನ್ನೆ ಥರ ದುಂಡಗಿದ್ದರೆ ಬೋರ್ಡು ಒಪ್ಕೋತೀನಿ. ಇಲ್ಲ ಅಂದ್ರೆ ಉಳಿಗೆಲ್ಲ ಎಣ್ಣೆ ಹಚ್ಚಿ ಪೆಟ್ಟಿಗೇಲಿ ಇಟ್ಟುಬಿಡ್ತೀನಿ, ಆಮೇಲೆ ನನ್ನ ಪುಸಲಾಯಿಸಬೇಡಿ."

ಕೊರೆಯುವ ಮೋಟಾರನ್ನು ಆಚೀಚೆ ಓಡಿಸಲು ಜಾರುವ ಭಾಗ ಬೇಕಲ್ಲ, ಜಗಳ ಶುರುವಾದದ್ದೇ ಅಲ್ಲಿ. ಗಂಡ ಡ್ರಾಯರ್ ಚಾನಲ್ಲೇ ಸಾಕೆಂದು ಪಟ್ಟು ಹಿಡಿದು ಹಾಕಿಸಿದ. ಮೊದಲ ಸೊನ್ನೆ ಬಂತು. ಅವಳು ಹಲಗೆಯನ್ನು ಬೆಳಕಿಗೆ ಹಿಡಿದು, "ಸೊನ್ನೆ ಕೇಳಿದ್ರೆ ಮೊಟ್ಟೆ ಕೊಟ್ಟಿದೀರಲ್ರೀ" ಎಂದಳು. ಶುರುವಾದ ಗೆರೆಯೂ ಮುಗಿದ ಗೆರೆಯೂ ಒಂದಕ್ಕೊಂದು ಕೂಡಿರಲಿಲ್ಲ, ಬೆರಳಿಟ್ಟರೆ ಅಲ್ಲಿ ತಡೆಯುತ್ತಿತ್ತು. ಆಮೇಲೆ ತಮ್ಮ ಹಳೇ ಜೆರಾಕ್ಸ್ ಮಷೀನುಗಳಿಂದ ಬಿಚ್ಚಿದ ದುಂಡು ಸರಳುಗಳನ್ನು ಹಾಕಿದ. ಸೊನ್ನೆ ದುಂಡಗೇನೋ ಬಂತು. ಆದರೆ ಭಾರಕ್ಕೆ ಸರಳು ನಡುವೆ ಜಗ್ಗಿ, ಹಲಗೆಯ ಮಧ್ಯದಲ್ಲಿ ಗೀರು ಆಳವಾಗಿ, ಅಂಚಿನಲ್ಲಿ ತೇಲಿಹೋಗಿತ್ತು. "ಇದು ನಿಮ್ಮ ಭಾವನ ಥರ, ನಡುವೆ ಹೊಟ್ಟೆ ಬಿಟ್ಟಿದೆ" ಎಂದಳು. ಗಂಡನಿಗೆ ಬೇಜಾರಾಗಲಿಲ್ಲ. ಸೋತವನು ತಾನೊಬ್ಬನೇ ಅಲ್ಲವಲ್ಲ ಅನ್ನುವ ಸಂತೋಷ ಅವನಿಗೆ.

ನಿನ್ನೆ ಮೂವರೂ ಹಳೇ ಮಷೀನುಗಳ ಬಿಡಿಭಾಗ ಮಾರುವ ಅಂಗಡಿಗೆ ಹೋಗಿದ್ದರು. ಗಂಡ ದಪ್ಪ ಚಾನಲ್ಲು ಎತ್ತಿಕೊಂಡು, "ಇದು ಒಬ್ಬ ಮನುಷ್ಯನ್ನ ಹೊರುತ್ತೆ ಕಣೇ" ಎಂದ.

"ಹೊರೋಕಲ್ರೀ, ಅಲ್ಲಾಡದೆ ಓಡೋಕೆ ಬೇಕಾಗಿರೋದು."

"ದಪ್ಪ ಸರಳು ತಗೊಂಡ್ರೆ ಜಗ್ಗಲ್ಲ ಅಕ್ಕಾ, ನನ್ನ ಮಾತು ಕೇಳು" ಎಂದ ತಮ್ಮ.

ಅವಳು ಇಬ್ಬರ ಮಾತೂ ಕೇಳಲಿಲ್ಲ. ಮೂರು ಬಗೆಯನ್ನೂ ಮೇಜಿನ ಮೇಲೆ ಸಾಲಾಗಿ ಇಡಿಸಿ, ಕಣ್ಣು ಮುಚ್ಚಿ, ನೋಯುವ ಹೆಬ್ಬೆರಳಿನಿಂದಲೇ ಒಂದೊಂದನ್ನೂ ತಳ್ಳಿ ನೋಡಿದಳು. ಚಾನಲ್ಲು ಗಡಗಡ ಎಂದಿತು. ಸರಳು ಪರವಾಗಿಲ್ಲ ಅನ್ನಿಸಿತು. ಚೌಕನೆಯ ಹಳಿಯ ಮೇಲಿನ ಬ್ಲಾಕು ಮಾತ್ರ, ಆಗ ತಾನೆ ಮಸೆದ ಉಳಿ ಒಣಗಿದ ಹಲಗೆಯ ಮೇಲೆ ಹೋಗುತ್ತದಲ್ಲ, ಹಾಗೆ ಹೋಯಿತು. ಪಕ್ಕಕ್ಕೆ ಅಲ್ಲಾಡಿಸಿದರೆ ಅಲುಗಲೇ ಇಲ್ಲ. ಬಹಳ ದಿನದ ಮೇಲೆ ಅವಳ ಬೆರಳಿಗೆ ನೋವು ಬಿಟ್ಟು ಬೇರೇನೋ ಗೊತ್ತಾಗಿತ್ತು. "ಇದೇ" ಎಂದಳು.

ಆ "ಇದೇ" ಈಗ ಹಜಾರದ ತುಂಬ ಉರುಳಾಡುತ್ತಿತ್ತು.

"ಯಾರೂ ಕಾಲು ಎತ್ತಿ ಇಡಬೇಡಿ!" ಎಂದು ಅವಳು ಗದರಿದಳು. ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ ಅತ್ತೆ, ಆಗಲೇ ಎರಡೂ ಪಾದ ಮೇಲೆತ್ತಿಕೊಂಡಿದ್ದವರು, "ನಾನು ಎತ್ತಿದ್ದಾಯ್ತು, ಇಡೋದು ಯಾವಾಗ ಹೇಳು" ಎಂದರು. ಸುದ್ದಿ ಕೇಳಿ ಓಡಿಬಂದ ತಮ್ಮ ಬಾಗಿಲಲ್ಲೇ ತಲೆ ಮೇಲೆ ಕೈ ಹೊತ್ತು ನಿಂತ.

"ಭಾವಾ, ಅದೇನು ಮೇಜಿನ ಖಾನೇನಾ ಎಳೆದು ನೋಡೋಕೆ?"

"ಏನಯ್ಯಾ, ಬಂದವನು ಬಗ್ಗಿ ಹೆಕ್ಕು, ಆಮೇಲೆ ಬೈಯುವಿಯಂತೆ."

ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೂವರೂ ಮೊಣಕಾಲ ಮೇಲೆ ಹಜಾರವೆಲ್ಲ ತೆವಳಿದರು. ಬೀರುವಿನಡಿಯಿಂದ ಗುಂಡುಗಳ ಜೊತೆ ಎಂದೋ ಕಳೆದಿದ್ದ ಗುಂಡುಸೂಜಿಗಳೂ ಒಂದು ಕತ್ತರಿಯೂ ಬಂದವು. "ಹದಿನೈದು ವರ್ಷದಿಂದ ನನ್ನ ಮೇಲೇ ಹಾಕಿದ್ರಲ್ಲ ಈ ಕತ್ತರೀನ" ಎಂದು ಅತ್ತೆ ಅದನ್ನು ಕಸಿದುಕೊಂಡರು.

ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದದ್ದಾಯಿತು. ಬ್ಲಾಕಿನೊಳಗೆ ತೂರಿಸುವುದೇ ಸವಾಲು. ಗಂಡನ ದಪ್ಪ ಬೆರಳಿಗೆ ಅವು ಸಿಕ್ಕಲೇ ಇಲ್ಲ, ತಮ್ಮ ಎರಡು ಕೂರಿಸುವಷ್ಟರಲ್ಲಿ ಮೂರು ಬೀಳಿಸಿದ. ಅವಳು ಅಕ್ಷರಗಳಿಗೆ ಚಿನ್ನದ ಬಣ್ಣ ತುಂಬುವ ಸಣ್ಣ ಕುಂಚ ತಂದು, ತುದಿಗೆ ಗ್ರೀಸು ಮುಟ್ಟಿಸಿ, ಒಂದೊಂದೇ ಗುಂಡನ್ನು ಅಂಟಿಸಿಕೊಂಡು ಸಾಲಿನಲ್ಲಿ ಕೂರಿಸತೊಡಗಿದಳು. ಕುಂಚಕ್ಕೆ ಹೆಬ್ಬೆರಳ ಬಲ ಬೇಡ. ನೋವಿಲ್ಲದೆ ಕೈ ಕೆಲಸ ಮಾಡುತ್ತಿದೆ ಅಂತ ಗೊತ್ತಾದಾಗ ಅವಳಿಗೆ ತನ್ನಷ್ಟಕ್ಕೆ ತಾನೇ ಹಾಡು ಬಂತು.

"ತುಂಬಿದ್ದೇನೋ ಸರಿ, ಹಳಿ ಮೇಲೆ ಹತ್ತಿಸೋವಾಗ ಮತ್ತೆ ಸುರಿಯುತ್ತಲ್ಲ?" ಎಂದಳು.

ಗಂಡ ಎದ್ದು ಹಿತ್ತಲಿಗೆ ಹೋದ. ಉಜ್ಜುವ ಸದ್ದು ಬಹಳ ಹೊತ್ತು ಕೇಳಿಸಿತು. ಬಂದಾಗ ಅವನ ಅಂಗೈ ಮೇಲೆ ಒಂದು ಗೇಣು ಮರದ ತುಂಡಿತ್ತು, ಅಗಲ, ಎತ್ತರ, ಗುಂಡು ಓಡುವ ಪಕ್ಕದ ತೋಡು, ಎಲ್ಲ ಉಕ್ಕಿನ ಹಳಿಯ ತದ್ರೂಪು. "ಮೊದಲು ಇದರ ಮೇಲೆ ಹತ್ತಿಸೋದು, ಇದನ್ನ ಹಳಿಗೆ ತಾಗಿಸಿ ಹಿಡಿಯೋದು, ಆಮೇಲೆ ಹಾಗೇ ಜಾರಿಸೋದು."

ಜಾರಿಸಿದರು. ಒಂದು ಗುಂಡೂ ಬೀಳಲಿಲ್ಲ. ತಮ್ಮ ಎದ್ದು ಭಾವನ ಬೆನ್ನಿಗೆ ಒಂದು ಗುದ್ದು ಗುದ್ದಿದ. "ಒಂದು ಗುಂಡು ಕಮ್ಮಿ ಇದೆ" ಎಂದು ಅವಳು, ತುಂಬುವಾಗ ಖಾಲಿ ಉಳಿದ ಜಾಗ ನೆನೆದು ಹೇಳಿದಳು. "ಇರಲಿ ಬಿಡಕ್ಕಾ, ಅವಕ್ಕೂ ಉಸಿರಾಡೋಕೆ ಜಾಗ ಬೇಕು, ಓಡುತ್ತೆ" ಎಂದ ತಮ್ಮ.

ಹಳಿಗಳನ್ನು ಬಿಗಿದು, ಅಳತೆ ನೋಡಿ, ಮೋಟಾರು ಕೂರಿಸುವಷ್ಟರಲ್ಲಿ ಬಿಸಿಲು ಕಿಟಕಿಯಿಂದ ಇಳಿದಿತ್ತು. ಮಷೀನು ಗುಂಯ್ ಎಂದಿತು. ಮರದ ಪುಡಿ ಹಾರಿತು. ಅವಳು ನೋಡಲಾರದೆ ಬಾಗಿಲ ಕಡೆ ಮುಖ ಮಾಡಿ ನಿಂತಳು. ಸದ್ದು ನಿಂತಿತು. ಗಂಡ ಹಲಗೆ ಬಿಚ್ಚಿ, ಪುಡಿ ಊದಿ, ಅವಳ ಕೈಗಿಟ್ಟ.

ದುಂಡಗಿತ್ತು. ಕಣ್ಣಿಗೆ ದುಂಡಗೇ ಕಾಣುತ್ತಿತ್ತು. ಆದರೆ ಕಣ್ಣಿಗೆ ಕಾಣದ ತಪ್ಪೂ ಬೆರಳಿಗೆ ಗೊತ್ತಾಗಿಬಿಡುತ್ತದೆ. ಅವಳು ಬೆರಳಿಡಲು ಹೆದರಿದಳು.

"ಅಯ್ಯಯ್ಯೋ! ಲೋ, ನನ್ನ ಚಪ್ಪಲೀಲಿ ಏನೋ ಒತ್ತುತ್ತಿದೆ ನೋಡೋ!" ಎಂದು ಅಷ್ಟರಲ್ಲಿ ಅತ್ತೆ ಕೂಗಿದರು. ಕೊನೆಗೂ ಕಾಲು ಕೆಳಗಿಟ್ಟಿದ್ದರು. ಗಂಡ ಚಪ್ಪಲಿ ಕೊಡವಿದ. ಕಳೆದ ಗುಂಡು ಟಣ್ಣನೆ ನೆಲಕ್ಕೆ ಬಿತ್ತು. ಅವಳು ಅದನ್ನು ಹೆಕ್ಕಿ, ಸೆರಗಿಗೆ ಒರೆಸಿ, ಒಂದು ಗಳಿಗೆ ನೋಡಿ, ಸೊನ್ನೆಯ ಗೀರಿನೊಳಗೆ ಬಿಟ್ಟಳು. ಹಲಗೆಯನ್ನು ಮೆಲ್ಲಗೆ ವಾಲಿಸಿದಳು.

ಗುಂಡು ಹೊರಟಿತು.

ಬೀರುವಿನ ಮೇಲಿದ್ದ ಫೋನು ಬಡಿದುಕೊಂಡಿತು. "ಗ್ರಂಥಾಲಯದ ಮೇಡಂ, ಅಕ್ಕಾ" ಎಂದ ತಮ್ಮ.

"ನೀನೇ ಎತ್ತು. ಮರದ್ದೇ ಅಂತ ಹೇಳು" ಎಂದಳು ಅವಳು, ಕಣ್ಣು ಕೀಳದೆ.

ಎರಡೂ ಕೈಯಲ್ಲಿ ಹಲಗೆಯನ್ನು ತಟ್ಟೆಯಂತೆ ಹಿಡಿದು ಅವಳು ವಾಲಿಸುತ್ತಲೇ ಇದ್ದಳು. ಗಂಡ, ಅತ್ತೆ ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡುತ್ತಿದ್ದರು. ಗೀರು ಶುರುವಾಗಿ ಮುಗಿದ ಜಾಗವನ್ನು ಗುಂಡು ದಾಟಿತು, ಸುತ್ತು ಬಂದು ಮತ್ತೆ ದಾಟಿತು, ಎಲ್ಲೂ ಒಂದಿಷ್ಟೂ ಸದ್ದು ಮಾಡಲಿಲ್ಲ.