ಹೊಳೆಯುವ ಮಿಠಾಯಿ

ಆ ಬೇಸಗೆಯಲ್ಲಿ ಕಾವೂರಿನ ಕಡೆ ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಕೆಲವು ಮಕ್ಕಳು ಕತ್ತಲೆಗೆ ಹೆದರಿ ಅಳುತ್ತಿದ್ದರು, ಕೆಲವರು ಕತ್ತಲಲ್ಲೇ ಆಟ ಕಟ್ಟುತ್ತಿದ್ದರು. ಸೌದಾಳ ಮಗಳು ಆರಿಫಾ ಎರಡನೆಯ ಬಗೆಯವಳು. ಗೆಳತಿಯರನ್ನು ಕರೆದು ಕತ್ತಲೆ ಪಾರ್ಟಿ ಮಾಡಬೇಕೆಂದು ಅವಳ ಹಟ.

"ತಿಂಡಿಯೂ ಹೊಳೆಯಬೇಕು ಉಮ್ಮಾ" ಎಂದು ತಾಯಿಗೆ ಹೇಳಿದಳು.

ಸೌದಾಳ ಗಂಡ ಹಾಶಿಂನದು ವಾಚು ರಿಪೇರಿ ಅಂಗಡಿ. ದುಬೈಯಲ್ಲಿದ್ದ ಅಣ್ಣ ಅವನಿಗೆ ಒಂದು ಬಾಟಲಿ ಪುಡಿ ತಂದುಕೊಟ್ಟಿದ್ದ. ವಾಚಿನ ಮುಳ್ಳಿಗೆ ಹಚ್ಚಿದರೆ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಜನ ಅದನ್ನು ರೇಡಿಯಂ ಎನ್ನುತ್ತಿದ್ದರು. ಅದನ್ನು ತೆಂಗಿನಕಾಯಿ ಮಿಠಾಯಿಗೆ ಬೆರೆಸಿದರೆ ಹೇಗೆ ಎಂದು ಸೌದಾಳಿಗೆ ಹೊಳೆಯಿತು.

ಪಕ್ಕದ ಮನೆಯ ಸ್ವರ್ಣಲತಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಅವಳ ಮಗಳು ಆಶಾಲತಾ ಆರಿಫಾಳ ಗೆಳತಿ. ವಿಷಯ ಕೇಳಿ ಸ್ವರ್ಣಲತಾ ಕಂಪೌಂಡಿನ ಬಳಿ ನಿಂತಳು.

"ಬೇಡ ಮಾರಾಯ್ತಿ. ಅದು ಹೊಟ್ಟೆಗೆ ಹೋಗುವ ವಸ್ತು ಅಲ್ಲ."

"ಫಾರಿನ್ ಮಾಲು ಸ್ವರ್ಣಕ್ಕ. ಇವರು ದಿನಾ ಮುಟ್ಟುತ್ತಾರೆ, ಎಂತ ಆಗಿದೆ?"

"ಮುಟ್ಟುವುದು ಬೇರೆ, ತಿನ್ನುವುದು ಬೇರೆ. ಅದರಲ್ಲಿ ಎಂತ ಉಂಟು ಅಂತ ಬಾಟಲಿಯ ಮೇಲೆ ಬರೆದಿದೆಯಾ?"

"ಆಯ್ತು ಬಿಡಿ, ಹಾಕುವುದಿಲ್ಲ" ಎಂದಳು ಸೌದಾ. ಆ ಮಾತು ನಂಬಿ ಸ್ವರ್ಣಲತಾ ಮಗಳನ್ನು ಪಾರ್ಟಿಗೆ ಕಳುಹಿಸಿದಳು.

ಸೌದಾಳಿಗೆ ಮಾತ್ರ ಒಳಗೊಳಗೇ ಸಿಟ್ಟು. ಕಲಿತವರಿಗೆ ಎಲ್ಲದರಲ್ಲೂ ಹೆದರಿಕೆ ಎಂದುಕೊಂಡಳು. "ಒಂದು ಚಿಟಿಕೆಗೆ ಎಂತದೂ ಆಗುವುದಿಲ್ಲ" ಎಂದ ಹಾಶಿಂ. ಅವಳು ಚಿಟಿಕೆಗಿಂತ ಹೆಚ್ಚೇ ಹಾಕಿದಳು.

ಕರೆಂಟು ಹೋದಾಗ ತಟ್ಟೆ ಹಸಿರಾಗಿ ಹೊಳೆಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಆಶಾಲತಾ ಕೇಳಿ ಕೇಳಿ ತಿಂದಳು. ಕರೆಂಟು ಬರುವಷ್ಟರಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ಹಿಂದೆಯೇ ಆರಿಫಾಳಿಗೂ ಶುರುವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಮಿಠಾಯಿಗೆ ಎಂತ ಹಾಕಿದ್ದು?"

ಸೌದಾಳ ಪಕ್ಕದಲ್ಲೇ ಸ್ವರ್ಣಲತಾ ನಿಂತಿದ್ದಳು. "ತೆಂಗಿನಕಾಯಿ, ಸಕ್ಕರೆ" ಎಂದಳು ಸೌದಾ. ಡಾಕ್ಟರು ಮತ್ತೆ ಕೇಳಿದರು. ಅವಳು ನೆಲ ನೋಡಿದಳು.

ಹಾಸಿಗೆಯಿಂದ ಆರಿಫಾ ಹೇಳಿದಳು, "ಅಂಗಡಿಯ ವಾಚಿನ ಪುಡಿ."

ಸ್ವರ್ಣಲತಾ ಸೌದಾಳ ಮುಖ ನೋಡಿದಳು. ಹಾಶಿಂ ಓಡಿಹೋಗಿ ಬಾಟಲಿ ತಂದ. ಅದರ ಮೇಲೆ ಹೆಸರೇ ಇರಲಿಲ್ಲ. ಹೊಟ್ಟೆಗೆ ಹೋದದ್ದು ಏನೆಂದು ತಿಳಿಯದೆಯೇ ಡಾಕ್ಟರು ಔಷಧ ಕೊಡಬೇಕಾಯಿತು.

ಆರಿಫಾ ಬೇಗ ಚೇತರಿಸಿಕೊಂಡಳು. ಆಶಾಲತಾ ಮನೆಗೆ ಬಂದಾಗ ಕಡ್ಡಿಯಂತಾಗಿದ್ದಳು. ಮಳೆಗಾಲವಿಡೀ ಅವಳಿಗೆ ಹೊಟ್ಟೆನೋವು ಬಂದು ಹೋಗುತ್ತಿತ್ತು.

ಒಂದು ಬೆಳಿಗ್ಗೆ ಹಾಶಿಂ ಬಾಟಲಿಯನ್ನು ಗಟ್ಟಿಯಾಗಿ ಕಟ್ಟಿ ಸ್ವರ್ಣಲತಾಳ ಕೈಗೆ ಕೊಟ್ಟ. "ಬಾವಿಗೋ ಚರಂಡಿಗೋ ಹಾಕಲು ಹೆದರಿಕೆಯಾಗುತ್ತದೆ ಅಕ್ಕ. ನಿಮ್ಮ ಲ್ಯಾಬಿನವರು ನೋಡಲಿ. ಇನ್ನು ಅಂಗಡಿಯ ವಸ್ತು ಅಡುಗೆಮನೆಗೆ ಬರುವುದಿಲ್ಲ."

ಹಿಂದೆ ನಿಂತಿದ್ದ ಸೌದಾ ಅಳುತ್ತಿದ್ದಳು.

"ನನ್ನನ್ನೇ ಕೇಳಬಹುದಿತ್ತು" ಎಂದಳು ಸ್ವರ್ಣಲತಾ. "ಚೈನಾ ಗ್ರಾಸ್ ಕುದಿಸಿ ಗಾಜಿನ ತಟ್ಟೆಗೆ ಹೊಯ್ದರೆ ಜೆಲ್ಲಿಯ ಹಾಗೆ ಗಟ್ಟಿಯಾಗುತ್ತದೆ. ಕತ್ತಲಲ್ಲಿ ತಟ್ಟೆಯ ಕೆಳಗೆ ಟಾರ್ಚ್ ಇಡು, ಇಡೀ ತಟ್ಟೆ ಬೆಳಗುತ್ತದೆ. ನಮ್ಮ ಲ್ಯಾಬಿನಲ್ಲಿ ಒಂದು ನೇರಳೆ ದೀಪ ಉಂಟು. ಅದರ ಅಡಿಯಲ್ಲಿ ಬಿ-ಟು ವಿಟಮಿನ್ ಬೆರೆಸಿದ ನೀರೂ ಹಳದಿಯಾಗಿ ಹೊಳೆಯುತ್ತದೆ. ದೀಪ ಆರಿಸಿದರೆ ಹೊಳಪೂ ಇಲ್ಲ. ತಾನಾಗಿಯೇ ಹೊಳೆಯುವ ಪುಡಿ ಮಾತ್ರ ಬೇಡ."

"ಮಾಡ್ತೇನೆ ಸ್ವರ್ಣಕ್ಕ. ಆಶಾಲತಾಳನ್ನೂ..."

"ಅವಳನ್ನು ಕರೆಯಬೇಡ. ನಾನು ಕಳುಹಿಸುವುದಿಲ್ಲ."

ಸೌದಾ ಚೈನಾ ಗ್ರಾಸ್ ಮಾಡಿದಳು, ಕೆಳಗೆ ಟಾರ್ಚ್ ಇಟ್ಟಳು. ತಟ್ಟೆ ಚೆಂದ ಬೆಳಗಿತು. ಉಮ್ಮ ಮೊದಲು ತಿನ್ನುವವರೆಗೆ ಆರಿಫಾ ಅದನ್ನು ಮುಟ್ಟಲಿಲ್ಲ.

ಓದುವ ಅಕ್ಕ ತಂಗಿಯರೇ, ಮಕ್ಕಳಿಗೆ ಬೆರಗು ತೋರಿಸಿ, ಬೇಡವೆನ್ನುವುದಿಲ್ಲ. ಆದರೆ ಬೆಳಕು ತಟ್ಟೆಯ ಹೊರಗಿರಲಿ. ಹೆಸರು ತಿಳಿಯದ ಪುಡಿ, ಬಣ್ಣ ಯಾವುದನ್ನೂ ಅಡುಗೆಗೆ ಬೆರೆಸಬೇಡಿ, ಒಂದು ಚಿಟಿಕೆಯೂ ಬೇಡ. ಅಪ್ಪಿತಪ್ಪಿ ಮಗು ತಿಂದರೆ ಕೂಡಲೇ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ, ಇದ್ದದ್ದನ್ನು ಇದ್ದಂತೆ ಹೇಳಿ. ಡಾಕ್ಟರ ಮುಂದೆ ನಾಚಿಕೊಂಡು ಬಾಯಿ ಮುಚ್ಚಿದರೆ ನರಳುವುದು ಮಗು.