ಜಾಕು ಎತ್ತುತ್ತದೆ, ನಾನು ಹೊರುತ್ತೇನೆ

ನಾನು ಒಂದು ಕಬ್ಬಿಣದ ಸ್ಟ್ಯಾಂಡು. ಕಾರನ್ನು ಮೇಲೆತ್ತಿ ಅದರ ಹೊಟ್ಟೆಯ ಕೆಳಗೆ ಮನುಷ್ಯರು ನುಸುಳುವಾಗ, ಆ ಕಾರನ್ನು ಹೊತ್ತು ನಿಲ್ಲುವುದು ನನ್ನ ಕೆಲಸ. ನೋಡಲು ಚೆಂದವೇನಿಲ್ಲ. ನಾಲ್ಕು ಗಿಡ್ಡ ಕಾಲು, ಒಂದು ದಪ್ಪ ಕುತ್ತಿಗೆ, ಕಾರು ಜಾರದಂತೆ ಹಿಡಿಯಲು ತಲೆಯ ಮೇಲೊಂದು ತಗ್ಗು. ಆದರೆ ಚೆಂದ ಇರುವವರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ದಾದಾಪೀರ್ ಎಂಬ ವೆಲ್ಡರನ ಅಂಗಡಿಯಲ್ಲಿ. ಒಡೆದುಹಾಕಿದ ಲಾರಿಯೊಂದರ ಪೈಪು, ಕೋನಪಟ್ಟಿ ತಂದು ಅವನು ನಮ್ಮಿಬ್ಬರನ್ನು ಮಾಡಿದ. ಇಬ್ಬರು ಎಂದರೆ ನಾನು ಮತ್ತು ನನ್ನ ತಮ್ಮ. ಎತ್ತರ ಹೆಚ್ಚು ಕಡಿಮೆ ಮಾಡಲು ಕುತ್ತಿಗೆಗೆ ಸಾಲಾಗಿ ತೂತು ಕೊರೆದು, ಹೆಬ್ಬೆರಳು ದಪ್ಪದ ಪಿನ್ನು ಕೊಟ್ಟ. ಬಣ್ಣ ಹಚ್ಚುವ ಮೊದಲೇ ಕಲ್ಲು ತುಂಬಿದ ಟ್ರೈಲರಿನ ಕೆಳಗೆ ನನ್ನನ್ನು ಒಂದು ಹಗಲೆಲ್ಲ ನಿಲ್ಲಿಸಿದ. ಸಂಜೆ ಅಳತೆಪಟ್ಟಿ ಹಿಡಿದು ನೋಡಿದರೆ ಕೂದಲೆಳೆಯಷ್ಟೂ ಬಾಗಿರಲಿಲ್ಲ.

"ಸೊಕ್ಕಿನ ಕೂಸ ಐತಿ ಇದು. ಬಗ್ಗೂದಿಲ್ಲ," ಎಂದ ದಾದಾಪೀರ್. ಆ ಮಾತನ್ನು ನಾನು ಇವತ್ತಿನವರೆಗೂ ಉಳಿಸಿಕೊಂಡು ಬಂದಿದ್ದೇನೆ.

ಮೊದಲ ಎಂಟು ವರ್ಷ ಒಂದು ಗ್ಯಾರೇಜಿನಲ್ಲಿ ದುಡಿದೆವು. ಅಲ್ಲಿಗೆ ಗುಂಡಿ ಒತ್ತಿದರೆ ಇಡೀ ಕಾರನ್ನೇ ಆಕಾಶಕ್ಕೆತ್ತುವ ಯಂತ್ರ ಬಂದಾಗ ನಮ್ಮನ್ನು ಕೇಳುವವರಿಲ್ಲದಾಯಿತು. ಆಗ ನಮ್ಮನ್ನು ಮನೆಗೆ ಕರೆದೊಯ್ದವರು ಗುರುಪಾದಪ್ಪ ಮಾಸ್ತರರು. ಹೈಸ್ಕೂಲಿನ ಡ್ರಿಲ್ ಮಾಸ್ತರು. ಅವರಲ್ಲೊಂದು ಹಳೆಯ ಬಿಳಿ ಕಾರಿತ್ತು, ಅದರ ರಿಪೇರಿಯನ್ನು ಬೇರೆ ಯಾರೂ ಮುಟ್ಟಬಾರದು ಎಂಬ ಹಟವೂ ಇತ್ತು.

ಮಾಸ್ತರರು ಕಾರು ಎತ್ತುವುದನ್ನೂ ಡ್ರಿಲ್ಲಿನ ಹಾಗೆಯೇ ನಡೆಸುತ್ತಿದ್ದರು. ಅಂಗಳದಲ್ಲಿ ಒಬ್ಬರೇ ಇದ್ದರೂ ಗಟ್ಟಿಯಾಗಿ ಕೂಗುವರು. "ಒಂದ್! ನೆಲ ಸಪಾಟ ಐತಿಲ್ಲೋ ನೋಡು. ಎರಡ್! ಗೇರ್ ಹಾಕು, ಬ್ರೇಕ್ ಎಳಿ. ಮೂರ್! ನೆಲಕ್ಕಿರೋ ಗಾಲಿಗೆ ಕಲ್ಲ ಕೊಡು. ನಾಕ್! ಜಾಕ್. ಐದ್! ಸ್ಟ್ಯಾಂಡ್." ಆಮೇಲೆ ಜಾಕನ್ನು ನಿಧಾನ ಇಳಿಸಿ ಕಾರಿನ ಭಾರವನ್ನೆಲ್ಲ ನಮ್ಮ ತಲೆಗೆ ಒಪ್ಪಿಸಿ, ಕಾರನ್ನು ಎರಡೂ ಕೈಯಿಂದ ದಬ್ಬಿ ನೋಡುವರು. ನಾವು ಮಿಸುಕದಿದ್ದರೆ ಮಾತ್ರ ಕೆಳಗೆ ಹೋಗುವರು. ಅವರ ಹೆಂಡತಿ ಪಾರ್ವತೆವ್ವ ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತ, "ಹುಡುಗೋರಿಲ್ಲ ಅಂದ್ರ ಗಾಡಿಗಾದ್ರೂ ಡ್ರಿಲ್ ಕಲಿಸ್ತಾರ ನಮ್ಮ ಮಾಸ್ತರ್ರು," ಎಂದು ನಗುತ್ತಿದ್ದಳು. ನಗುತ್ತಲೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು.

ಆ ಕಾರಿನ ಡಿಕ್ಕಿಯಲ್ಲಿ ಹಿಡಿ ತಿರುಗಿಸಿ ಎತ್ತುವ ಸಣ್ಣ ಜಾಕೊಂದು ಇರುತ್ತಿತ್ತು. ಮಹಾ ಜಂಬದ್ದು. ಎತ್ತುವವನೇ ದೊಡ್ಡವನು ಎಂದು ಅದರ ಎಣಿಕೆ. ಎತ್ತುವುದೇನು, ಗಳಿಗೆಯ ಕೆಲಸ. ಎತ್ತಿದ್ದನ್ನು ಹೊತ್ತುಕೊಂಡು ನಿಲ್ಲುವುದು ಬೇರೆಯೇ ಕೆಲಸ, ಅದು ಜಾಕಿನ ಕೈಲಾಗುವುದಲ್ಲ. ಜಂಬ ನನಗೂ ಇದೆ, ಒಪ್ಪಿಕೊಳ್ಳುತ್ತೇನೆ. ಆದರೆ ನನ್ನದು ದುಡಿದು ಗಳಿಸಿದ ಜಂಬ.

ಮಹಾನವಮಿಯ ದಿನ ನಮ್ಮ ಕಡೆ ಖಂಡೆ ಪೂಜೆ. ಮನೆಯ ಹತ್ಯಾರಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಸಾಲಾಗಿ ಕೂರಿಸುತ್ತಾರೆ. ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಅವುಗಳನ್ನು ಯಾರೂ ಕದಲಿಸುವಂತಿಲ್ಲ. ಪಾರ್ವತೆವ್ವ ಇದರಲ್ಲಿ ಬಹಳ ಕಟ್ಟುನಿಟ್ಟು. ಈಳಿಗೆಯೂ ಪೂಜೆಗೆ ಕೂರುವುದರಿಂದ ಆ ದಿನದ ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಡುವಳು. ಆ ವರ್ಷವೂ ಪಡಸಾಲೆಯಲ್ಲಿ ಸ್ಪ್ಯಾನರು, ಸುತ್ತಿಗೆ, ಈಳಿಗೆಗಳ ನಡುವೆ ನಾನೂ ತಮ್ಮನೂ ಮದುಮಕ್ಕಳ ಹಾಗೆ ಕುಳಿತಿದ್ದೆವು. ಕಾರಿನ ಪೂಜೆ ಮಾತ್ರ ಮಧ್ಯಾಹ್ನಕ್ಕೆ ಉಳಿದಿತ್ತು.

ಕಬ್ಬು, ಬಾಳೆಗಿಡ ತರಲು ಹೋಗಿದ್ದ ಮಾಸ್ತರರು ಗಡಗಡ ಸದ್ದಿನೊಂದಿಗೆ ವಾಪಸಾದರು. ಹಿಂದಿನ ಸೈಲೆನ್ಸರು ಕಳಚಿ ನೆಲಕ್ಕೆ ತಾಗುತ್ತಿತ್ತು. ತಂತಿ ಹಾಕಿ ಕಟ್ಟಿದರೆ ಮುಗಿಯಿತು ಎಂದು ಪಕ್ಕದ ಮನೆಯಿಂದ ಒಂದು ಇಕ್ಕಳ ತಂದರು. ನಮ್ಮ ಕಡೆ ನೋಡಿದರು, ಹೂವು ನೋಡಿದರು, ಮುಖ ತಿರುಗಿಸಿದರು. ಡಿಕ್ಕಿಯ ಜಾಕಿಗೆ ಇನ್ನೂ ಪೂಜೆ ಆಗಿರಲಿಲ್ಲವಲ್ಲ, ಅದನ್ನು ತೆಗೆದರು. ಅದು ಗಿಡ್ಡವಾಯಿತೆಂದು ಕೆಳಗೊಂದು ಇಟ್ಟಂಗಿ ಇಟ್ಟು ಕಾರಿನ ಹಿಂಬದಿಯನ್ನು ಎತ್ತಿದರು. ಒಂದು, ಎರಡು, ಮೂರು, ನಾಲ್ಕು. ಐದನೆಯದು ಇರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅವರ ತಲೆ, ಎದೆ ಕಾರಿನ ಕೆಳಗೆ ಮರೆಯಾದವು. ಇಟ್ಟಂಗಿಯ ಅಂಚು ಪುಡಿ ಉದುರುವುದು ನನಗೆ ಪಡಸಾಲೆಯಿಂದಲೇ ಕಾಣುತ್ತಿತ್ತು. ನನಗೆ ಬಾಯಿಲ್ಲ, ನಡೆಯಲು ಬಾರದ ನಾಲ್ಕು ಕಾಲು. ಜೀವನದಲ್ಲಿ ನಾನು ಹೆದರಿದ್ದು ಅದೊಂದೇ ಸಲ.

ನೈವೇದ್ಯದ ತಟ್ಟೆ ಹಿಡಿದು ಹೊರಬಂದ ಪಾರ್ವತೆವ್ವನಿಗೆ ಗಂಡನ ಎರಡು ಕಾಲು ಕಂಡವು.

"ಏನ್ರೀ, ಸ್ಟ್ಯಾಂಡ್ ಇಡದ ಒಳಗ ಹೋಗೀರೇನು?"

"ಪೂಜ್ಯಾಗ ಕುಂತಾವಲ್ಲ. ಮುಟ್ಟಬ್ಯಾಡ್ರಿ ಅಂದಾಕಿ ನೀನ. ಎರಡ ನಿಮಿಷದ ಕೆಲಸ, ತಡಿ."

ಪಾರ್ವತೆವ್ವ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು, ಗಂಡನ ಎರಡೂ ಕಾಲು ಹಿಡಿದು ದರದರ ಎಳೆದಳು. ಓಣಿಯ ಮಂದಿ ನೋಡುತ್ತಾರೆ ಎಂಬ ಪರಿವೆಯೂ ಅವಳಿಗಿರಲಿಲ್ಲ. ಬಿರಬಿರನೆ ಪಡಸಾಲೆಗೆ ಬಂದು ಹೂವು ಸಮೇತ ನನ್ನನ್ನು ಎತ್ತಿಕೊಂಡಳು. ಹತ್ತು ಕಿಲೋ ತೂಕದವನು ನಾನು, ಅವಳಿಗೆ ತೂಕವೇ ತಿಳಿಯಲಿಲ್ಲ.

"ಪೂಜಿ ಕೆಡತೈತಿ, ಪಾರೂ," ಎಂದರು ಮಾಸ್ತರರು ಮೈ ಧೂಳು ಕೊಡವುತ್ತ.

"ದೇವರು ಸಿಟ್ಟಾದ್ರ ನಾ ಇನ್ನೊಂದು ಕಾಯಿ ಒಡದು ಸಮಾಧಾನ ಮಾಡ್ತೀನ್ರಿ. ಗಾಡಿ ಬಿದ್ರ ಯಾರ್ನ ಸಮಾಧಾನ ಮಾಡ್ಲಿ?"

ಮಾಸ್ತರರು ಮುಖ ಗಂಟಿಕ್ಕಿಕೊಂಡೇ ನನ್ನನ್ನು ಚಾಸಿಸ್ಸಿನ ಕೆಳಗೆ ಸರಿಸಿ, ಪಿನ್ನು ಹಾಕಿದರು. ಸಿಟ್ಟಿನ ಭರದಲ್ಲಿ ಜಾಕು ಇಳಿಸುವುದನ್ನು ಬಿಟ್ಟರು. ನನ್ನ ತಲೆಗೂ ಕಾರಿಗೂ ಒಂದು ಬೆರಳಿನ ಸಂದು ಉಳಿಯಿತು. ಮತ್ತೆ ಒಳಗೆ ಹೋಗಿ ತಂತಿ ಬಿಗಿದು ಒಮ್ಮೆ ಜಗ್ಗಿದರು. ಇಟ್ಟಂಗಿ ಎರಡು ಹೋಳಾಯಿತು. ಜಾಕು ಅಡ್ಡಬಿತ್ತು. ಕಾರು ಢಣ್ ಎಂದು ನನ್ನ ತಲೆಯ ಮೇಲೆ ಕುಳಿತಿತು.

ನಾನು ಬಗ್ಗಲಿಲ್ಲ.

 ಮಾಸ್ತರರು ತೆವಳಿಕೊಂಡು ಹೊರಬಂದು ಹೆಂಡತಿಯ ಪಕ್ಕ ನೆಲದ ಮೇಲೇ ಕುಳಿತರು. ಸಾವಿರ ಹುಡುಗರನ್ನು ಒಂದು ಸೀಟಿಯಲ್ಲಿ ನಿಲ್ಲಿಸುತ್ತಿದ್ದವರು ಅಂದು ಹೆಂಡತಿಯ ಸೆರಗಿನ ತುದಿ ಹಿಡಿದುಕೊಂಡರು. ಪಾರ್ವತೆವ್ವ ಅವರ ಬೆನ್ನ ಮೇಲೆ ಕೈಯಿಟ್ಟು ಅತ್ತಳು.

ಮುಂದಿನ ವರ್ಷದಿಂದ ಅವಳು ಪದ್ಧತಿಯನ್ನೇ ಬದಲಿಸಿದಳು. ನಮ್ಮನ್ನು ಪಡಸಾಲೆಯಲ್ಲಿ ಕೂರಿಸುತ್ತಿರಲಿಲ್ಲ. ಆ ದಿನ ಬೇಕೆಂದೇ ಕಾರನ್ನು ನಮ್ಮ ಮೇಲೆ ಏರಿಸಿ, ಹೊತ್ತು ನಿಂತ ಜಾಗದಲ್ಲೇ ಬಗ್ಗಿ ಕೈ ಚಾಚಿ ಪೂಜೆ ಮಾಡುತ್ತಿದ್ದಳು. "ಹೊತ್ತು ನಿಂತಾಗ ಮಾಡಿದ್ದ ಖರೇ ಪೂಜಿ," ಎಂದು ಕೇಳಿದವರಿಗೆಲ್ಲ ಹೇಳುವಳು. ಓಣಿಯವರು ನಮ್ಮನ್ನು ಕೇಳಿ ಒಯ್ಯತೊಡಗಿದರು. ಜೊತೆಗೆ ಮಾಸ್ತರರೂ ಹೋಗಿ ಐದನ್ನೂ ಕೂಗಿ ಹೇಳಿಯೇ ಬರುವರು.

ಈಗ ಕಾರು ಮಾರಿಯಾಗಿದೆ. ಕೊಂಡವನು ನಮ್ಮನ್ನೂ ಕೇಳಿದ. ಪಾರ್ವತೆವ್ವ "ಗಾಡಿ ಒಯ್ರಿ, ಇವನ್ನ ಕೇಳಬ್ಯಾಡ್ರಿ," ಎಂದಳು. ಅಂಗಳದ ಮೂಲೆಯಲ್ಲಿ ತಮ್ಮನೊಂದಿಗೆ ಇದ್ದೇನೆ. ಬಣ್ಣ ಹೋಗಿದೆ, ಕಾಲಿಗೆ ತುಕ್ಕು ಹತ್ತಿದೆ, ಇವತ್ತು ಕಾರು ತಂದರೂ ಹೊರುತ್ತೇನೆ. ಮಹಾನವಮಿಯ ದಿನ ಮಾಸ್ತರರು ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಪಾರ್ವತೆವ್ವ ಮೊದಲು ನನ್ನ ತಲೆಗೆ ಕುಂಕುಮ ಹಚ್ಚುತ್ತಾಳೆ. ಆಮೇಲೆ ಬೆರಳಿನಲ್ಲಿ ಉಳಿದದ್ದನ್ನು ತನ್ನ ಹಣೆಗೆ ಹಚ್ಚಿಕೊಳ್ಳುತ್ತಾಳೆ.