ತಳದಿಂದ ತೆಗೆದ ಹಿಡಿ

ಯಾವ ವಸ್ತುವನ್ನೂ ಅದರ ಮಾಲೀಕ ಹೇಳಿದ ಹೆಸರಿನಿಂದ ಒಪ್ಪಿಕೊಳ್ಳದಿರುವುದು ನಮ್ಮ ಭಾವನವರ ಹುಟ್ಟುಗುಣವೋ, ಇಲ್ಲ ಬಂದರಿನ ಸುಂಕದ ಕಚೇರಿಯಲ್ಲಿ ಸರಕಿನ ವರ್ಗ ನಿರ್ಣಯಿಸುವ ಕೆಲಸಕ್ಕೆ ಸೇರಿದ ಮೇಲೆ ಅಂಟಿದ್ದೋ, ಅವರನ್ನು ಕಟ್ಟಿಕೊಂಡ ನನ್ನ ಅಕ್ಕನಿಗೂ ಗೊತ್ತಿಲ್ಲ. ಇದು ರೇಷ್ಮೆ ಎಂದು ಬಟ್ಟೆ ತೋರಿಸಲಿ, ಇದು ಜೇನು ಎಂದು ಶೀಸೆ ಎತ್ತಿ ಹಿಡಿಯಲಿ, ಅವರು ಕತ್ತನ್ನು ತುಸು ವಾಲಿಸಿ, "ಹಾಗಂತಾರೆ. ನೋಡೋಣ" ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಮ್ಮಪ್ಪ ನನ್ನ ಬೆನ್ನು ತಟ್ಟಿ, ಇವನು ಸಾಹಿತಿ ಎಂದು ಪರಿಚಯಿಸಿದಾಗಲೂ ಅದೇ ಉತ್ತರ ಬಂತು. ಇಷ್ಟು ವರ್ಷವಾದರೂ ಆ ಪ್ರಕರಣ ಇತ್ಯರ್ಥವಾಗಿಲ್ಲ.

ನಡೆಯುವಾಗ ಅವರ ಮೈ ಸದಾ ಬಲಕ್ಕೆ ವಾಲುತ್ತಿತ್ತು. ದೋಷ ಕಾಲಿನದಲ್ಲ, ಕೋಟಿನದು. ಆ ಬೂದುಬಣ್ಣದ ಕೋಟಿನ ಬಲಜೇಬಿನಲ್ಲಿ ಒಂದು ಪುಟ್ಟ ಸುತ್ತಿಗೆ, ಒಂದು ಭೂತಗನ್ನಡಿ, ಬಗೆಬಗೆಯ ಪುಡಿ ತುಂಬಿದ ಶೀಸೆಗಳು ಸಂಸಾರ ಹೂಡಿದ್ದವು. ಹರಿದ ಜೇಬನ್ನು ಮತ್ತೆ ಮತ್ತೆ ಹೊಲಿದು ಬೇಸತ್ತ ಅಕ್ಕ, ಇದರಲ್ಲಿ ಬಟ್ಟೆಗಿಂತ ದಾರವೇ ಹೆಚ್ಚಾಯಿತು, ಇನ್ನು ಇದನ್ನು ನಿಮ್ಮ ಸುಂಕಪಟ್ಟಿಯ ಯಾವ ಅಧ್ಯಾಯಕ್ಕೆ ಹಾಕುತ್ತೀರಿ ಎಂದು ಕೇಳುವಳು. ಭಾವ ನಗುತ್ತಿರಲಿಲ್ಲ; ನಿಜವಾಗಿಯೂ ಯೋಚಿಸುತ್ತಿದ್ದರು.

ಅವರ ಪಾಲಿಗೆ ಬಂದದ್ದು ಖನಿಜಗಳು, ಅವುಗಳಲ್ಲಿ ಅಚ್ಚುಮೆಚ್ಚಿನದು ಮೆಗ್ನೀಷಿಯಾ. ನೆಲದಿಂದ ಅಗೆದ ಒಂದು ಬಿಳಿಯ ಕಲ್ಲು, ಹದವಾಗಿ ಸುಟ್ಟರೆ ನಯವಾದ ಪುಡಿಯಾಗಿ ಔಷಧಕ್ಕೂ ರಬ್ಬರಿಗೂ ದನದ ಮೇವಿಗೂ ಸಲ್ಲುತ್ತದೆ. ಅದನ್ನೇ ನಿರ್ದಯವಾಗಿ ಸುಟ್ಟರೆ ನೀರಿಗೂ ಮಿಸುಕದ ಭಾರವಾದ ಹರಳಾಗಿ, ಉಕ್ಕು ಕಾಯಿಸುವ ಕುಲುಮೆಯ ಒಳಮೈಗೆ ಕವಚವಾಗುತ್ತದೆ. ಇಷ್ಟೆಲ್ಲ ಅಗ್ನಿಪರೀಕ್ಷೆಗಳನ್ನು ದಾಟಿ ಬಂದರೂ ಸುಂಕಪಟ್ಟಿ ಅದಕ್ಕೆ ರಸಾಯನಗಳ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ; ಶುದ್ಧವಾಗಿರಲಿ ಬಿಡಲಿ, ಉಪ್ಪು, ಮರಳು, ಸುಣ್ಣಗಳ ಪಕ್ಕದಲ್ಲೇ ಕೂರಿಸುತ್ತದೆ. ಒಂದೇ ಒಂದು ತೊಡಕು: ಸುಡುವ ಮೊದಲೇ ಕಲ್ಲಿಗೆ ಚೂರು ಕಬ್ಬಿಣದ ಆಕ್ಸೈಡು ಸೇರಿಸಿದ್ದರೆ ಅದು ಕಲ್ಲಿನ ಅಧ್ಯಾಯದಲ್ಲೇ ಉಳಿಯುತ್ತದೆ, ಸುಟ್ಟ ಮೇಲೆ ಬೆರೆಸಿದರೆ ತಯಾರಿಸಿದ ಮಿಶ್ರಣವೆನಿಸಿ ಬೇರೆ ಅಧ್ಯಾಯಕ್ಕೆ, ಭಾರಿ ಸುಂಕಕ್ಕೆ ಹೋಗುತ್ತದೆ. "ಸುಡೋಕೆ ಮುಂಚೆ ಸೇರ್ಕೊಂಡಿದ್ದು ಮನೆಯವರು, ಸುಟ್ಟ ಮೇಲೆ ಬಂದಿದ್ದು ನೆಂಟರು" ಎಂದು ಭಾವ ನನ್ನ ಕಡೆ ನೋಡಿಯೇ ಹೇಳುತ್ತಿದ್ದರು. ನಾನು ಆಗ ಅವರ ಮನೆಯಲ್ಲಿ ಉಂಡು ಮಲಗಿಕೊಂಡು ಕಾಲ ಹಾಕುತ್ತಿದ್ದೆ.

ಮಾದರಿ ತೆಗೆಯುವುದರಲ್ಲಂತೂ ಅವರು ಹಿಡಿದದ್ದೇ ಹಟ. ಉಳಿದ ಅಧಿಕಾರಿಗಳು ಕೈಗೆಟುಕಿದ ಕಡೆ ಒಂದು ಹಿಡಿ ತೆಗೆದು ಶೀಸೆಗೆ ತುಂಬಿಸಿ ನೆರಳಿಗೆ ಹೋಗುವರು. ಭಾವ ಆಳುಗಳಿಂದ ರಾಶಿಯನ್ನು ತೋಡಿಸಿ, ಮಂಡಿಯೂರಿ, ಭುಜದವರೆಗೆ ತೋಳು ಇಳಿಸಿ, ತಳ ಮುಟ್ಟಿದ ಮೇಲೆಯೇ ಮುಷ್ಟಿ ಬಿಗಿಯುವರು. ಹಡಗಿನ ಕುಲುಕಾಟದಲ್ಲಿ ನಯವಾದದ್ದೆಲ್ಲ ಕೆಳಗಿಳಿಯುತ್ತದೆ, ವರ್ತಕನ ಜಾಣತನವೂ ಅದರ ಜೊತೆಗೇ ಇಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಅವರು ಬರೆದ ಒಂದು ಆದೇಶವೂ ಮೇಲಿನ ಹಂತದಲ್ಲಿ ಬಿದ್ದಿರಲಿಲ್ಲ. ಅದರ ಬಗ್ಗೆ ಅವರಿಗೆ ಗರ್ವವಿತ್ತು, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ.

ಅಂಥ ಮನುಷ್ಯನ ಮುಂದೆ ಒಂದು ದಿನ, ಊರಾಚೆ ಕುಲುಮೆಗಳಿಗೆ ಒಳಮೈ ಇಟ್ಟಿಗೆ ಮಾಡುವ ಸಣ್ಣ ಕಾರ್ಖಾನೆಯ ಒಡತಿಯೊಬ್ಬಳ ಸರಕು ಬಂತು. ಕಂದುಬಣ್ಣದ ಮೆಗ್ನೀಷಿಯಾ ಹರಳು. ಖರ್ಚು ಉಳಿಸಲು ಚೀಲಕ್ಕೆ ತುಂಬಿಸದೆ ಕಂಟೇನರಿನೊಳಗೆ ಹಾಗೆಯೇ ಸುರಿದು ತರಿಸಿದ್ದಳು. ಕಬ್ಬಿಣ ಸುಡುವ ಮೊದಲೇ ಸೇರಿದ್ದು ಎಂದು ಅವಳ ಕಾಗದಪತ್ರಗಳು ಹೇಳಿದವು. ಭಾವ "ಹಾಗಂತಾರೆ" ಎಂದರು, ನೋಡಿದರು. ತಳದ ಹಿಡಿಯಲ್ಲಿ ಹರಳಿನ ಜೊತೆಗೆ ಬಿಡಿಬಿಡಿಯಾದ ಕೆಂಪು ಪುಡಿಯೂ ಬಂತು. ಪ್ರಯೋಗಾಲಯವೂ ಪುಡಿ ಕಬ್ಬಿಣದ್ದೇ, ಹರಳಿಗೆ ಅಂಟದೆ ಬೇರೆಯಾಗಿದೆ ಎಂದಿತು. ಕೊಟ್ಟ ಹಿಡಿಯನ್ನಷ್ಟೇ ನೋಡುವುದು ಪ್ರಯೋಗಾಲಯದ ಧರ್ಮ. ಸುಟ್ಟ ಮೇಲೆ ಬೆರೆಸಿದ ಮಿಶ್ರಣವೆಂದು ಭಾವ ಆದೇಶ ಬರೆದರು. ಆ ಸುಂಕ ಕಟ್ಟಿ ಸರಕು ಬಿಡಿಸಿಕೊಳ್ಳುವ ತ್ರಾಣ ಅವಳಿಗಿರಲಿಲ್ಲ. ಹರಳು ಬಂದರಿನ ಅಂಗಳದಲ್ಲೇ ಉಳಿಯಿತು.

ಕೆಲವು ವಾರಗಳ ಮೇಲೆ ಬೇರೊಬ್ಬ ವರ್ತಕನ ಬಿಳಿಜೇಡಿ ಬಂತು. ಪಿಂಗಾಣಿಗೆ ಬೇಕಾದದ್ದು, ಹಾಲಿನಂಥ ಬಿಳುಪೇ ಅದರ ಬೆಲೆ. ಅದನ್ನೂ ಹಾಗೆಯೇ ಸುರಿದು ತಂದಿದ್ದರು. ಭಾವ ತೋಳು ಇಳಿಸಿ ತಳದಿಂದ ಮುಷ್ಟಿ ಎತ್ತಿದಾಗ ಅಂಗೈಯಲ್ಲಿ ಅದೇ ಕೆಂಪು ಪುಡಿ ಇತ್ತು. ಬಿಳಿಜೇಡಿಗೆ ಕೆಂಪು ಬೆರೆಸುವ ಹುಚ್ಚ ಲೋಕದಲ್ಲಿ ಎಲ್ಲಿಯೂ ಇಲ್ಲ. ಅವರು ಟಾರ್ಚು ತರಿಸಿ, ಒಳಗೆ ಬಗ್ಗಿ, ಬೀಗದ ಕೈಯಿಂದ ಕಂಟೇನರಿನ ನೆಲವನ್ನು ಕೆರೆದರು. ತುಕ್ಕು ಹಕ್ಕಳೆ ಹಕ್ಕಳೆಯಾಗಿ ಎದ್ದುಬಂತು; ಇಟ್ಟಿಗೆಯ ಒಡತಿಯ ಸರಕಿನ ಕೆಂಪು ಪುಡಿಯೂ ಇದೇ.

ಇದು ಅವರಂಥವರಿಗಷ್ಟೇ ಆಗಬಹುದಾದ ತಪ್ಪು. ಮೇಲಿನ ಹಿಡಿ ತೆಗೆಯುವ ಸೋಮಾರಿಯೊಬ್ಬ ಅಂದು ಕೆಲಸದ ಮೇಲಿದ್ದಿದ್ದರೆ ಆ ಹೆಂಗಸಿನ ಸರಕು ಸಲೀಸಾಗಿ ಹೊರಗೆ ಹೋಗುತ್ತಿತ್ತು.

ಬರೆದ ಆದೇಶವನ್ನು ಬರೆದವನೇ ತಿದ್ದಲು ಕಾನೂನಿನಲ್ಲಿ ದಾರಿಯಿಲ್ಲ. ಎದುರಿನವರು ಅಪೀಲು ಹಾಕಬೇಕು. ಅವಳು ಹಾಕಿರಲಿಲ್ಲ, ಗಡುವು ಮುಗಿಯುತ್ತ ಬಂದಿತ್ತು. ಭಾವ ಹೋಗಿ ವಿಷಯ ತಿಳಿಸಿದಾಗ ಮೇಲಧಿಕಾರಿ ಬಾಗಿಲು ಮುಂದೆ ಮಾಡಿ, ಬಡ್ತಿಯ ಪಟ್ಟಿಯಲ್ಲಿ ನಿಮ್ಮ ಹೆಸರೇ ಮೊದಲಿದೆ, ಮಲಗಿದ ನಾಯಿಯನ್ನು ಒದ್ದು ಎಬ್ಬಿಸಬೇಡಿ ಎಂದು ಹಿತ ನುಡಿದರಂತೆ. ಇದನ್ನೆಲ್ಲ ಅವರು ಅಂದು ಊಟಕ್ಕೆ ಕೂತಾಗ, ಬೇರೆ ಯಾರದೋ ಕತೆಯಂತೆ, ತಟ್ಟೆಯ ಕಡೆ ನೋಡುತ್ತ ಹೇಳಿದರು. ಆ ಬಡ್ತಿಯನ್ನು ನೆಚ್ಚಿಕೊಂಡು ಅಕ್ಕ ಎಷ್ಟು ಲೆಕ್ಕ ಹಾಕಿದ್ದಳೆಂದು ನನಗೆ ಗೊತ್ತಿತ್ತು. ಅವಳು ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

"ಆಕೆ ಹತ್ರ ಹೋಗೋದಂತೂ ನೀವು ಹೋಗೇ ಹೋಗ್ತೀರಿ," ಎಂದಳು ಕೊನೆಗೆ. "ಆ ಕೋಟಾದರೂ ಬಿಟ್ಟು ಹೋಗಿ. ದಾಳಿಗೆ ಬಂದ್ರು ಅಂದ್ಕೊಂಡಾರು."

ಅವರು ಕೋಟು ಹಾಕಿಕೊಂಡೇ ಹೊರಟರು. ಒಬ್ಬರೇ ಹೋದರೆ ಜನ ಏನೆಂದುಕೊಂಡಾರೋ ಎಂದು ನನ್ನನ್ನೂ ಕರೆದುಕೊಂಡರು. ನೆಂಟನಿಗೆ ಅಂದು ಸಾಕ್ಷಿಯ ದರ್ಜೆ ಸಿಕ್ಕಿತು.

ತಗಡಿನ ಮಾಡಿನ ಆ ಕಾರ್ಖಾನೆಯಲ್ಲಿ ಇಟ್ಟಿಗೆ ಸುಡುವ ಗೂಡು ಆರಿತ್ತು. ಖಾಲಿ ಅಚ್ಚುಗಳನ್ನು ಗೋಡೆಗೆ ಪೇರಿಸಿದ್ದರು, ಒತ್ತುಯಂತ್ರದ ಮೇಲೆ ಕೊಳ್ಳುವವನಾರೋ ಸೀಮೆಸುಣ್ಣದಿಂದ ಗುರುತು ಹಾಕಿ ಹೋಗಿದ್ದ. ಒಡತಿ ಐವತ್ತು ದಾಟಿದ ಗಟ್ಟಿ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಇಳಿಬಿಟ್ಟಿದ್ದಳು. ಭಾವನವರ ಗುರುತು ಸಿಕ್ಕಿದೊಡನೆ ಅವಳ ಮುಖ ಕಲ್ಲಾಯಿತು. ಇದ್ದೊಬ್ಬ ಕೆಲಸಗಾರನನ್ನು ಹೊರಗೆ ಕಳಿಸಿದಳು.

"ಸುಂಕದವರ ಮುಂದೆ ಸುಖದುಃಖ ಹೇಳ್ಕೋಬಾರದು ಅಂತಾರೆ, ನಾನು ಹೇಳ್ಕೊಳ್ಳೋದೂ ಇಲ್ಲ. ನಿಮಗೇನು ಬೇಕು ಸಾರ್, ನೇರವಾಗಿ ಹೇಳಿಬಿಡಿ."

"ನನ್ನ ಆದೇಶದ ಮೇಲೆ ಅಪೀಲು ಹಾಕಿ ಅಮ್ಮ," ಎಂದರು ಭಾವ. "ನಾನು ತಪ್ಪು ಬರೆದಿದ್ದೀನಿ. ನೀವು ಕೇಳದೆ ಅದನ್ನ ಅಳಿಸೋಕೆ ಯಾರಿಗೂ ಆಗಲ್ಲ."

ಅವಳು ನನ್ನ ಕಡೆ ನೋಡಿದಳು. ಈ ಮನುಷ್ಯನ ಬುದ್ಧಿ ಸ್ತಿಮಿತದಲ್ಲಿದೆಯೇ ಎಂಬ ಪ್ರಶ್ನೆ ಆ ನೋಟದಲ್ಲಿತ್ತು, ನಾನು ಸುಮ್ಮನೆ ತಲೆಯಾಡಿಸಿದೆ. ಭಾವ ತುಕ್ಕಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ, ತಮಗೆ ಯಾವ ರಿಯಾಯಿತಿಯನ್ನೂ ಕೊಟ್ಟುಕೊಳ್ಳದೆ ವಿವರಿಸಿದರು. ಅವಳು ಕನ್ನಡಕ ಏರಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, "ಹಾಗಂತೀರಿ. ನೋಡೋಣ" ಎಂದಳು. ನಾನು ನಗು ತಡೆಯಲು ಹೊರಗೆ ಹೋಗಬೇಕಾಯಿತು.

ಅವಳು ಅಪೀಲು ಹಾಕಿದಳು. ವಿಚಾರಣೆಯ ದಿನ, ಅನುಭವಿಯಾದ ನೀವು ಹೇಗೆ ಎಡವಿದಿರಿ ಎಂದು ಮೇಲಿನವರು ಕೇಳಿದಾಗ ಭಾವ ಎದ್ದು ನಿಂತು ಹೇಳಿದ್ದು ಇಷ್ಟೇ: "ತಳದಿಂದಲೇ ತೆಗೆದೆ ಸಾರ್. ಆ ತಳ ಸರಕಿನದೋ ಪೆಟ್ಟಿಗೆಯದೋ ಅಂತ ಕೇಳ್ಕೊಳ್ಳಲಿಲ್ಲ." ರಾಶಿಯ ನಡುವಿನಿಂದ ಹೊಸ ಮಾದರಿ ತೆಗೆದರು, ಹರಳನ್ನು ಒಡೆದು ನೋಡಿದರು, ಒಳಗೂ ಹೊರಗೂ ಒಂದೇ ಕಂದು; ಕಬ್ಬಿಣ ಸುಡುವ ಮೊದಲೇ ಸೇರಿದ್ದು ನಿಜವಾಗಿತ್ತು. ಆದೇಶ ಬಿತ್ತು, ಸರಕು ಬಿಡುಗಡೆಯಾಯಿತು, ಗೂಡು ಮತ್ತೆ ಹೊತ್ತಿತು. ಬಡ್ತಿ ಅವರಿಗಿಂತ ಕಿರಿಯನೊಬ್ಬನಿಗೆ ಹೋಯಿತು. ಅಕ್ಕ ಒಂದು ವಾರ ಮುಖ ಗಂಟಿಕ್ಕಿಕೊಂಡೇ ಬಡಿಸಿದಳು. ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು, ನಾನು ಅವಳ ಪರವಾಗಿಯೇ ಇದ್ದೆ.

ಇಷ್ಟಾದ ಮೇಲೆ ಭಾವ ಹಗುರಾಗುತ್ತಾರೆ ಎಂದು ನಾನೆಣಿಸಿದ್ದೆ. ಹಾಗಾಗಲಿಲ್ಲ. ಒಂದು ಸಂಜೆ ಅಂಗಳದಲ್ಲಿ ಕೂತು, ನೀವು ಮಾಡಿದ್ದು ಯಾರೂ ಮಾಡದ ಕೆಲಸ ಎಂದು ನಾನು ಹೊಗಳಲು ಹೋದಾಗ ಅವರು ಕೈಯೆತ್ತಿ ತಡೆದರು. "ಇದು ಕಣ್ಣಿಗೆ ಬಿತ್ತು ಕಣಯ್ಯ," ಎಂದರು. "ಇಷ್ಟು ವರ್ಷದಲ್ಲಿ ಹೀಗೆ ಇನ್ನೆಷ್ಟು ಪೆಟ್ಟಿಗೆಯ ತಳ ಕೆರೆದು ಆದೇಶ ಬರೆದಿದ್ದೀನೋ. ಆ ಸರಕಿನವರು ಯಾರೂ ಅಪೀಲು ಹಾಕಲಿಲ್ಲ." ಅಂದು ಅವರ ಬಗ್ಗೆ ನನಗೆ ಬಂದಂಥ ಮರುಕ ಬೇರೆ ಯಾರ ಬಗ್ಗೆಯೂ ಬಂದಿಲ್ಲ.

ಲೋಕದ ವಸ್ತುಗಳಿಗೆಲ್ಲ ತಕ್ಕ ಹೆಸರು, ತಕ್ಕ ಜಾಗ ಹುಡುಕುತ್ತ ಆಯುಷ್ಯ ಸವೆಸುವ ಇಂಥವರನ್ನು ಒಣಮನುಷ್ಯರೆಂದು ನಗುವುದು ನಮಗೆ ಸುಲಭ. ಅವರ ಒಂದು ಗೆರೆಯ ಬರಹದಿಂದ ಎಲ್ಲೋ ಯಾರದೋ ಒಲೆ ಉರಿಯುತ್ತದೆ ಅಥವಾ ಆರುತ್ತದೆ. ಎಷ್ಟೋ ಜನ ಅದನ್ನು ತಿಳಿಯದೆಯೇ ಸುಖವಾಗಿ ನಿವೃತ್ತರಾಗುತ್ತಾರೆ. ತಿಳಿದವನಿಗೆ ಮಾತ್ರ, ತಿದ್ದಿದ ತಪ್ಪಿಗಿಂತ ಕಾಣದೆ ಹೋದ ತಪ್ಪುಗಳ ಭಾರವೇ ಹೆಚ್ಚು, ಅದನ್ನು ಇಳಿಸಿಕೊಡುವ ಮೇಲಧಿಕಾರಿ ಎಲ್ಲಿಯೂ ಇಲ್ಲ. ನನ್ನ ಪ್ರಕರಣವೇನಾದರೂ ತೀರ್ಮಾನಕ್ಕೆ ಬರುವ ದಿನ ತೀರ್ಪು ಕೊಡಲು ಎದುರಿಗೆ ಕೂತವನು ಎಂದೂ ತಪ್ಪದವನಾಗಿರುವುದು ಬೇಡ. ಆ ಭಾರ ಹೊತ್ತು ಬಂದವನಾಗಿರಲಿ.